ಕಿಟ್ಟಮ್ಮ ಆಡದ ಮಾತು

ಸೈಕಲ್ಲಿನ ಹಿಂದೆ ಒಬ್ಬಳು ಹೆಂಗಸು ಕುಳಿತಿದ್ದಳು.

ತೋಪಿನಹಳ್ಳಿ ಆರೋಗ್ಯ ಕೇಂದ್ರದ ಜಗಲಿಯಲ್ಲಿ ನಿಂತಿದ್ದ ಮುನಿಲಕ್ಷ್ಮಿಗೆ ಮೊದಲು ಕಂಡದ್ದು ಅವಳ ಕೂದಲು. ಒಣಗಿದ ರಾಗಿಹುಲ್ಲಿನ ಬಣ್ಣ. ಆಮೇಲೆ ಕಂಡದ್ದು ಅವಳ ಕೈ. ಬೀಳಬಾರದೆಂದು ಆ ಕೈ ಸೈಕಲ್ ತುಳಿಯುತ್ತಿದ್ದವನ ಸೊಂಟವನ್ನು ಬಿಗಿಯಾಗಿ ಹಿಡಿದಿತ್ತು.

ತುಳಿಯುತ್ತಿದ್ದವನು ರಾಮಾಂಜಿನಪ್ಪ!

‘ಎರಡು ವರ್ಷ... ಎರಡು ವರ್ಷದಿಂದ ಇವನ ಜೊತೆ ಹಳ್ಳಿ ಹಳ್ಳಿ ಸುತ್ತಿದ್ದೀನಿ. ಬಿಸಿಲಲ್ಲಿ, ಕೆಸರಲ್ಲಿ, ಇವನು ಸೈಕಲ್ ತಳ್ಳಿಕೊಂಡು ಬಂದ, ನಾನು ಪಕ್ಕದಲ್ಲಿ ನಡೆದೆ. ಒಂದು ದಿನವಾದರೂ ಕೂತ್ಕೊಳಿ ಅಂದನಾ?’

ಸೈಕಲ್ ಬೇವಿನ ಮರದ ಕೆಳಗೆ ನಿಂತಿತು. ಹೆಂಗಸು ಜಿಗಿದು ಇಳಿದಳು. ಮೊಣಕಾಲಿನ ಕೆಳಗೆಲ್ಲ ಕೆಂಪು ಧೂಳು. ನೇರವಾಗಿ ಬಂದು ಮುನಿಲಕ್ಷ್ಮಿಯ ಕೈ ಹಿಡಿದು ಕುಲುಕಿದಳು.

“ನಾನು ಕಿರ್ಸ್ಟನ್. ನೀನೇ ನನ್ನ ನಾಲಿಗೆ ಅಂತ ಡಾಕ್ಟರು ಹೇಳಿದರು,” ಎಂದಳು ಇಂಗ್ಲಿಷಿನಲ್ಲಿ.

ಮುನಿಲಕ್ಷ್ಮಿ ನಕ್ಕಳು. ಆದರೆ ಎದೆಯೊಳಗೆ ಏನೋ ಚುರ್ ಎಂದಿತು.

ಅದು ಸಾವಿರದ ಒಂಬೈನೂರ ಅರವತ್ತೊಂಬತ್ತರ ಜುಲೈ. ಹೊರದೇಶದ ಒಂದು ಸಂಸ್ಥೆ ಯುವ ಪದವೀಧರರನ್ನು ಆರು ತಿಂಗಳ ತರಬೇತಿಗಾಗಿ ಬೇರೆ ಬೇರೆ ದೇಶಗಳಿಗೆ ಕಳಿಸುತ್ತಿತ್ತು. ಶುದ್ಧ ನೀರು, ಚರಂಡಿ, ಪಾಯಿಖಾನೆ ಇವುಗಳ ವಿಷಯವನ್ನು ಹಳ್ಳಿಯ ಜನಕ್ಕೆ ಮನದಟ್ಟು ಮಾಡಿಸುವುದು ಹೇಗೆಂದು ಕಲಿಯುವುದೇ ಆ ತರಬೇತಿ. ಡೆನ್ಮಾರ್ಕಿನಿಂದ ಮೈಸೂರು ರಾಜ್ಯಕ್ಕೆ ಬಂದ ಐವರಲ್ಲಿ ಕಿರ್ಸ್ಟನ್ ದೊಡ್ಡಬಳ್ಳಾಪುರ ತಾಲ್ಲೂಕಿನ ಪಾಲಿಗೆ ಬಂದಿದ್ದಳು.

“ಮುಂದಿನ ವರ್ಷ ನಮ್ಮ ಕಡೆಯಿಂದ ಒಬ್ಬರನ್ನ ಅವರೂ ಕರೆಸ್ಕೋತಾರಂತೆ. ಈ ಹುಡುಗಿ ಯಾರ ಹೆಸರು ಬರೆದು ಕೊಡ್ತಾಳೋ ಅವರೇ,” ಎಂದರು ಡಾಕ್ಟರು.

ಮುನಿಲಕ್ಷ್ಮಿ ಹೊಸಕೋಟೆ ಕಡೆಯ ರೈತರ ಮಗಳು. ಅವರ ಊರಿಗೆ ಮೊದಲ ಬಿ.ಎಸ್ಸಿ. ಕೇಂದ್ರದಲ್ಲಿ ಆರೋಗ್ಯ ಶಿಕ್ಷಕಿಯಾಗಿ, ಸೋದರತ್ತೆ ಮುತ್ತಮ್ಮನ ಮನೆಯಲ್ಲಿ ಉಳಿದುಕೊಂಡಿದ್ದಳು. ರಾಮಾಂಜಿನಪ್ಪ ನೆಲಮಂಗಲದ ಹತ್ತಿರದವನು. ಎಸ್ಸೆಸ್ಸೆಲ್ಸಿ ಮುಗಿಸಿ, ಒಂದು ವರ್ಷದ ತರಬೇತಿ ಪಡೆದು ಹೆಲ್ತ್ ಇನ್ಸ್‌ಪೆಕ್ಟರ್ ಆಗಿದ್ದ. ಅವಳಿಗೆ ಅವನ ಮೇಲೆ ಮನಸ್ಸಾಗಿ ಎಷ್ಟೋ ದಿನವಾಗಿತ್ತು. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವ ಮುಂಚೆ ಚಪ್ಪಲಿ ಬಿಟ್ಟು ಕೈ ಮುಗಿಯುತ್ತಿದ್ದ ಆ ಮನುಷ್ಯ ಒಂದಲ್ಲ ಒಂದು ದಿನ ತಾನಾಗಿಯೇ ಬಾಯಿ ಬಿಡುತ್ತಾನೆಂದು ಕಾಯುತ್ತಿದ್ದಳು.

ಅವನು ಬಿಡಲೇ ಇಲ್ಲ. ಈಗ ನೋಡಿದರೆ...

*

ಒಂದೇ ತಿಂಗಳಲ್ಲಿ ಕಿರ್ಸ್ಟನ್ ಎಲ್ಲರಿಗೂ ಕಿಟ್ಟಮ್ಮನಾದಳು. ಆ ಹೆಸರನ್ನು ಹಳ್ಳಿಯ ಹೆಂಗಸರ ನಾಲಿಗೆಯೇ ಹೊರಳಿಸಿ ಕೊಟ್ಟದ್ದು. ಮುದ್ದೆ ನುಂಗುವುದನ್ನು ಅವಳಿಗೆ ಕಲಿಸಿದವನು ರಾಮಾಂಜಿ. ಮಾಕಳಿದುರ್ಗದ ಬೆಟ್ಟ ಹತ್ತಿಸಿದವನೂ ಅವನೇ. ಜೊತೆಗೆ ಕಾಂಪೌಂಡರು, ದಾದಿ ಎಲ್ಲರೂ ಹೋಗಿದ್ದರು, ನಿಜ. ಆದರೆ ಮುನಿಲಕ್ಷ್ಮಿಯ ಕಣ್ಣಿಗೆ ಕಂಡದ್ದು ಬಂಡೆಯ ಮೇಲೆ ಕಿರ್ಸ್ಟನ್ನಿಗೆ ಕೈ ಕೊಟ್ಟು ಎಳೆದುಕೊಂಡ ರಾಮಾಂಜಿ ಮಾತ್ರ.

ಎಲ್ಲಕ್ಕಿಂತ ಹೆಚ್ಚಾಗಿ ಅವಳನ್ನು ಸುಟ್ಟದ್ದು ಸಂಜೆಗಳು.

ಐದು ಗಂಟೆಗೆ ಕೆಲಸ ಮುಗಿದ ಮೇಲೆ ಅವರಿಬ್ಬರೂ ಕೇಂದ್ರದ ಹಿಂದಿನ ಜಗಲಿಯಲ್ಲಿ ಕೂರುತ್ತಿದ್ದರು. ಮಧ್ಯೆ ಒಂದು ನೋಟ್ ಬುಕ್ಕು. ಅವನು ತಲೆ ಬಗ್ಗಿಸಿ ಏನೋ ಬರೆಯುತ್ತಿದ್ದ, ಅವಳು ನಗುತ್ತಿದ್ದಳು. ಒಂದು ದಿನ ಮುನಿಲಕ್ಷ್ಮಿ ಬೇಕೆಂದೇ ಆ ಕಡೆ ಹೋದಾಗ ರಾಮಾಂಜಿ ತಟಕ್ಕನೆ ನೋಟ್ ಬುಕ್ಕಿನ ಮೇಲೆ ಅಂಗೈ ಇಟ್ಟ.

“ಏನಾದ್ರೂ ಬೇಕಿತ್ತಾ, ಲಕ್ಷ್ಮಮ್ಮೋರೆ?”

“ಏನೂ ಬೇಡ. ಗಾಳಿಗೆ ಬಂದೆ.”

‘ಕಾಗದ ಬರೀತಿದ್ದಾನೆ. ಎದುರಿಗೇ ಕೂತವಳಿಗೆ ಕಾಗದ! ನನ್ನ ಕಂಡ ಕೂಡಲೇ ಮುಚ್ಚಿಟ್ಟ...’

ಮನೆಗೆ ಬಂದರೆ ಅಲ್ಲೂ ಅದೇ ಮಾತು. ಅಲಸಂದೆಕಾಯಿ ಸುಲಿಯುತ್ತಾ ಮುತ್ತಮ್ಮ ಹೇಳಿದಳು:

“ಆ ಬಿಳೀ ಹುಡ್ಗಿ ಇನ್ಸ್‌ಪೆಕ್ಟ್ರನ್ನ ಅವರ ದೇಶಕ್ಕೆ ಕರ್ಕೊಂಡೋಗ್ತಾಳಂತೆ ಕಣೇ. ಊರೆಲ್ಲ ಅಂತಾ ಐತೆ.”

“ಕರ್ಕೊಂಡು ಹೋಗ್ಲಿ ಬಿಡತ್ತೆ. ನಮಗೇನು?”

“ನಮಗೇನೂ ಇಲ್ಲ. ಮತ್ತೆ ಕಾಳು ಹಾಕ್ಬೇಕಾದ್ ಕಡೆ ಸಿಪ್ಪೆ ಹಾಕ್ತಿದ್ದೀಯಲ್ಲ, ಯಾಕೆ?”

ಕಿರ್ಸ್ಟನ್ ಕೆಟ್ಟವಳಾಗಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ಆದರೆ ಅವಳು ತನ್ನ ಬ್ರೆಡ್ಡಿನಲ್ಲಿ ಅರ್ಧ ಮುರಿದು ಕೊಡುವವಳು. ಮುನಿಲಕ್ಷ್ಮಿಗೆ ಜ್ವರ ಬಂದಾಗ ಮೂರು ದಿನ ಬಂದು ಹಣೆ ಮುಟ್ಟಿ ನೋಡಿದವಳು. ಮೂರನೆಯ ದಿನ ಮಂಚದ ತುದಿಯಲ್ಲಿ ಕೂತು ಕೇಳಿದ್ದಳು:

“ನಿನ್ನ ಮನಸ್ಸಿನಲ್ಲಿ ಯಾರಾದರೂ ಇದ್ದಾರಾ?”

“ಯಾರೂ ಇಲ್ಲ.”

“ರಾಮಾಂಜಿ ತುಂಬಾ ಒಳ್ಳೆಯವನು, ಅಲ್ಲವಾ?”

ಮುನಿಲಕ್ಷ್ಮಿ ಗೋಡೆಯ ಕಡೆ ತಿರುಗಿ ಮಲಗಿದಳು. ಜ್ವರ ಇಳಿದಿದ್ದರೂ ಮೈಯೆಲ್ಲ ಉರಿಯುತ್ತಿತ್ತು.

*

ಸೆಪ್ಟೆಂಬರಿನಲ್ಲಿ ಪಕ್ಕದ ಹಳ್ಳಿ ಗಿಡ್ಡನಪಾಳ್ಯದಲ್ಲಿ ಬಾವಿಯ ವಿಷಯಕ್ಕೆ ಸಭೆ ಇತ್ತು.

ಅದು ಮೆಟ್ಟಿಲು ಬಾವಿ. ಜನ ಮೆಟ್ಟಿಲಿಳಿದು, ಮೊಣಕಾಲುದ್ದ ನೀರಿನಲ್ಲಿ ನಿಂತು ಬಿಂದಿಗೆ ಮುಳುಗಿಸುತ್ತಿದ್ದರು. ಆ ನೀರನ್ನೇ ಊರೆಲ್ಲ ಕುಡಿಯುತ್ತಿತ್ತು. ಮೆಟ್ಟಿಲು ಮುಚ್ಚಿ, ಕಟ್ಟೆ ಎತ್ತಿ, ರಾಟೆ ಹಾಕಬೇಕೆಂಬುದು ಯೋಜನೆ. ಸಿಮೆಂಟು ಬಂದು ಬಿದ್ದಿತ್ತು. ಊರಿನ ಹೆಂಗಸರು ಹೂಂ ಎನ್ನಬೇಕಿತ್ತು, ಅಷ್ಟೆ. ಆ ಊರಿನಲ್ಲಿ ಹೆಂಗಸರು ಎಂದರೆ ದ್ಯಾವಮ್ಮ. ಅರವತ್ತು ದಾಟಿದ ಆ ಹೆಂಗಸು ತಲೆ ಆಡಿಸಿದರೆ ನಲವತ್ತು ಮನೆ ತಲೆ ಆಡಿಸುತ್ತಿತ್ತು.

ಸಭೆಗೆ ಮುಂಚೆ ಕಿರ್ಸ್ಟನ್ ಬಾವಿಯೊಳಗೆ ಇಳಿದಳು. ಪಾಚಿಯ ಮೇಲೆ ಜಾರಿದಳು. ಮೇಲಿನ ಮೆಟ್ಟಿಲಿನಲ್ಲಿದ್ದ ರಾಮಾಂಜಿ ಹಾರಿ ಹೋಗಿ ಎರಡು ಕೈಯಲ್ಲೂ ಹಿಡಿದುಕೊಂಡ. ಅವಳು ಅವನ ಭುಜಕ್ಕೆ ಒರಗಿ ನಕ್ಕಳು, ಅವನೂ ನಕ್ಕ. ಆಮೇಲೆ ಅವಳು ಅವನ ಕಿವಿಯಲ್ಲಿ ಏನೋ ಹೇಳಿದಳು. ಅವನ ಮುಖ ಕೆಂಪಾಯಿತು. ಒಂದು ಗಳಿಗೆ ಮುನಿಲಕ್ಷ್ಮಿಯ ಕಡೆ ನೋಡಿ, ಕಣ್ಣು ತಪ್ಪಿಸಿದ.

‘ನನ್ನ ಮುಂದೆಯೇ... ನನ್ನ ನೋಡಿ ನಗ್ತಿದ್ದಾರೆ...’

ಹೆಂಗಸರು ಅರಳಿಕಟ್ಟೆಯ ಸುತ್ತ ಕೂತರು. ಕಿರ್ಸ್ಟನ್ ಎದ್ದು ನಿಂತು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದಳು:

“ನಿಮ್ಮ ಬಾವಿಯ ನೀರು ಒಳ್ಳೆಯದು. ನಮ್ಮೆಲ್ಲರ ಕಾಲಿನ ಕೊಳೆ ಅದಕ್ಕೆ ಸೇರುತ್ತದೆ, ನನ್ನ ಕಾಲಿನದ್ದೂ ಸೇರಿ. ನನ್ನ ಅಜ್ಜಿಯ ಹಳ್ಳಿಯಲ್ಲೂ ಇಂಥದೇ ಬಾವಿ ಇತ್ತು. ಅದರ ನೀರು ಕುಡಿದು ಅಜ್ಜಿಯ ಎರಡು ಮಕ್ಕಳು ಸತ್ತವು. ಅದಕ್ಕೇ ನಾನು ಈ ಕೆಲಸ ಕಲಿತೆ.”

ಎಲ್ಲರೂ ಮುನಿಲಕ್ಷ್ಮಿಯ ಬಾಯಿ ನೋಡಿದರು.

ಅವಳು ರಾಮಾಂಜಿಯ ಕಡೆ ಒಮ್ಮೆ ನೋಡಿದಳು. ಆಮೇಲೆ ಮಾತು ತಾನಾಗಿಯೇ ಬಂತು:

“ನಿಮ್ಮ ಕಾಲು ಕೊಳೆ ಅಂತಾರೆ. ನೀವು ಇಳಿದು ನೀರು ಕೆಡಿಸ್ತೀರಂತೆ. ಅವರ ದೇಶದಲ್ಲಿ ಇಂಥಾ ನೀರನ್ನ ದನಕ್ಕೂ ಕುಡಿಸಲ್ವಂತೆ.”

ಏನೂ ಅರಿಯದ ಕಿರ್ಸ್ಟನ್ ಮುಗುಳ್ನಗುತ್ತಲೇ ನಿಂತಿದ್ದಳು. ಆ ನಗುವೇ ದ್ಯಾವಮ್ಮನಿಗೆ ನಾಟಿತು.

“ನಮ್ಮತ್ತೆ ಕುಡಿದ ನೀರು, ನಮ್ಮವ್ವ ಕುಡಿದ ನೀರು,” ಎಂದು ದ್ಯಾವಮ್ಮ ಸೆರಗು ಕೊಡವಿ ಎದ್ದಳು. “ದನಕ್ಕಿಂತ ಕಡೆ ಆದ್ವಾ ನಾವು? ನಡೀರೇ ಎಲ್ಲಾ. ಸಿಮೆಂಟ್ ತಗೊಂಡೋಗಿ ಅವರ ದೇಶದಾಗೆ ಕಟ್ಕೊಳ್ಳಿ.”

ಹೆಂಗಸರೆಲ್ಲ ಎದ್ದು ಹೊರಟರು.

“ಏನಾಯಿತು? ನಾನೇನು ತಪ್ಪು ಮಾತಾಡಿದೆ?” ಕಿರ್ಸ್ಟನ್ ಕಂಗಾಲಾಗಿ ಕೇಳಿದಳು.

“ಅವರಿಗೆ ಇಷ್ಟ ಇಲ್ಲವಂತೆ,” ಎಂದಳು ಮುನಿಲಕ್ಷ್ಮಿ.

ರಾಮಾಂಜಿ ಅವಳನ್ನೇ ನೋಡುತ್ತಿದ್ದ. ಆ ನೋಟ ಅವಳಿಗೆ ಅರ್ಥವಾಗಲಿಲ್ಲ. ಅವನು ಸೈಕಲ್ ಹತ್ತಿ ಒಬ್ಬನೇ ಹೊರಟುಹೋದ.

*

ಎರಡು ದಿನ ಬಿಟ್ಟು ಔಷಧಿ ಕೋಣೆಯಲ್ಲಿ ಅವಳು ಡಬ್ಬಗಳನ್ನು ಜೋಡಿಸುತ್ತಿದ್ದಾಗ ಅವನು ಬಾಗಿಲಲ್ಲಿ ನಿಂತ.

“ಆಯಮ್ಮ ದನದ ಮಾತು ಯಾವಾಗ ಆಡಿದ್ರು, ಲಕ್ಷ್ಮಮ್ಮೋರೆ?”

ಅವಳ ಕೈಯ ಡಬ್ಬ ಹಾಗೇ ನಿಂತಿತು.

“ಅವರ ಅಜ್ಜಿಯ ಮಕ್ಕಳ ವಿಷ್ಯ ಯಾಕೆ ಬಿಟ್ರಿ?”

“ನಿಮಗೆ... ನಿಮಗೆ ಇಂಗ್ಲಿಷ್ ಯಾವಾಗ ಬಂತು?”

“ಆಗಸ್ಟಿಂದ ಕಲೀತಿದೀನಿ. ದಿನಾ ಸಂಜೆ. ನೋಟ್ ಬುಕ್ ತುಂಬಾ ತಪ್ಪು, ನೀವು ನೋಡಿದ್ರೆ ನಗ್ತೀರಾ ಅಂತ ಮುಚ್ಚಿಡ್ತಿದ್ದೆ.”

“ಯಾಕೆ ಕಲೀಬೇಕಿತ್ತು? ಅವರ ದೇಶಕ್ಕೆ ಹೋಗೋಕಾ?”

ಅವನು ಬಾಗಿಲ ಚೌಕಟ್ಟಿಗೆ ಒರಗಿದ.

“ನೀವು ಬಿ.ಎಸ್ಸಿ. ನಾನು ಹತ್ತನೇ ಕ್ಲಾಸು. ನಿಮ್ಮನೆ ಬಾಗಿಲಿಗೆ ಬಂದು ಕೇಳೋಕೆ ಒಂದು ಯೋಗ್ಯತೆ ಬೇಕಲ್ಲ ಅನ್ಕೊಂಡೆ. ಆ ಬಾವಿ ಮೆಟ್ಲಲ್ಲಿ ಆಯಮ್ಮ ಅಂದಿದ್ದೂ ಅದೇ. ಇವತ್ತಾದ್ರೂ ಕೇಳು, ಹೆದ್ರಬೇಡ ಅಂತ.” ಅವನು ಕಣ್ಣೆತ್ತಿ ನೋಡಿದ. “ನಿಮಗೋಸ್ಕರ ಕಲಿತಿದ್ದು. ಅದರಲ್ಲಿ ಮೊದಲು ಅರ್ಥ ಆಗಿದ್ದು ನಿಮ್ಮ ಸುಳ್ಳು.”

ಮುನಿಲಕ್ಷ್ಮಿ ಡಬ್ಬವನ್ನು ಮೇಜಿನ ಮೇಲಿಟ್ಟಳು.

“ಮತ್ತೆ ಆ ಸೈಕಲ್ಲು... ಆ ಬೆಟ್ಟ...” ಎಂದಳು ಹುಚ್ಚಿಯ ಹಾಗೆ.

“ನಿಮ್ಮನ್ನ ಕೂರಿಸ್ಕೊಂಡಿದ್ರೆ ಊರು ನಿಮ್ಮ ಹೆಸರು ಕೆಡಿಸ್ತಿತ್ತು. ಆಯಮ್ಮ ಆರು ತಿಂಗಳಿಗೆ ಹೋಗೋರು, ಊರ ಮಾತು ಅವರಿಗೆ ತಟ್ಟಲ್ಲ. ಇಲ್ಲಿ ತಮ್ಮೋರು ಅಂತ ಅವರಿಗೆ ನೀವೊಬ್ರೇ ಇದ್ದಿದ್ದು. ನೀವೂ ಹಂಗ್ ಮಾಡ್ಬಿಟ್ರಿ.”

“ಡಾಕ್ಟರಿಗೆ ಹೇಳ್ತೀರಾ?”

“ನಾನ್ಯಾಕೆ ಹೇಳ್ಲಿ. ನಿಮ್ಮ ಬಾಯಿಂದ ಹೋದ ಮಾತು. ನಿಮ್ಮ ಬಾಯೇ ಅದನ್ನ ಸರಿ ಮಾಡ್ಬೇಕು.”

ಅವನು ಹೋದ. ಅವಳು ಬಾಗಿಲು ಹಾಕಿಕೊಂಡು ಅತ್ತಳು. ನಾಳೆಯೇ ಗಿಡ್ಡನಪಾಳ್ಯಕ್ಕೆ ಹೋಗಿ ಹೇಳಿಬಿಡುತ್ತೇನೆ ಅಂದುಕೊಂಡಳು.

ಮರುದಿನ ಹೋಗಲಿಲ್ಲ. ಆ ವಾರವೂ ಹೋಗಲಿಲ್ಲ. ಕಲಿತವಳು, ಸರ್ಕಾರದ ಕೆಲಸದವಳು, ಸುಳ್ಳು ಹೇಳಿದೆ ಅಂತ ಯಾವ ಮುಖ ಇಟ್ಟುಕೊಂಡು ಹೇಳುವುದು? ರಾಮಾಂಜಿ ಎದುರಿಗೆ ಸಿಕ್ಕರೆ ನಮಸ್ಕಾರ ಮಾತ್ರ ಮಾಡುತ್ತಿದ್ದ. ಕಿರ್ಸ್ಟನ್ ಅವಳನ್ನೇ ಕೇಳುತ್ತಿದ್ದಳು, “ಹೆಂಗಸರಿಗೆ ನನ್ನ ಮೇಲೆ ಯಾಕೆ ಕೋಪ? ನಾನು ಸೀರೆ ಉಡಬೇಕಿತ್ತಾ?” ಆ ಪ್ರಶ್ನೆ ಚಾಕುವಿನ ಹಾಗೆ ಇಳಿಯುತ್ತಿತ್ತು.

*

ಅಕ್ಟೋಬರಿನಲ್ಲಿ ನಾಲ್ಕು ದಿನ ಬಿಡದೆ ಮಳೆ ಸುರಿಯಿತು. ಊರಿನ ಕೊಚ್ಚೆಯೆಲ್ಲ ಇಳಿಜಾರಿಗೆ ಹರಿದು ಬಾವಿಗೆ ಸೇರಿತು.

ಐದನೆಯ ದಿನ ಬೆಳಗ್ಗೆ ಗಿಡ್ಡನಪಾಳ್ಯದಿಂದ ಎತ್ತಿನ ಗಾಡಿ ಬಂತು. ಗಾಡಿಯಲ್ಲಿ ದ್ಯಾವಮ್ಮನ ಸೊಸೆ ಅಮ್ಮಯಮ್ಮ. ಐದು ತಿಂಗಳ ಬಸುರಿ. ರಾತ್ರಿಯಿಡೀ ವಾಂತಿಭೇದಿಯಾಗಿ ಕಣ್ಣು ಗುಳಿಬಿದ್ದಿದ್ದವು, ತುಟಿ ಬೂದಿಬಣ್ಣವಾಗಿತ್ತು. ಸಂಜೆಯ ಹೊತ್ತಿಗೆ ಇನ್ನೂ ಹತ್ತು ಜನ ಬಂದರು. ಡಾಕ್ಟರು ಸಲೈನ್ ಏರಿಸಿದರು. ರಾಮಾಂಜಿ ಬ್ಲೀಚಿಂಗ್ ಪೌಡರ್ ಹೊತ್ತು ಬಾವಿಗೆ ಓಡಿದ. ಮಂಚ ಸಾಲದೆ ನೆಲಕ್ಕೆ ಚಾಪೆ ಹಾಕಿದರು.

ಕಿರ್ಸ್ಟನ್ ಅಮ್ಮಯಮ್ಮನ ಪಕ್ಕದಲ್ಲಿ ಮಂಡಿಯೂರಿ ಕುಳಿತು, ಅವಳ ವಾಂತಿಯನ್ನು ತಾನೇ ಬಳಿಯುತ್ತಿದ್ದಳು. ದ್ಯಾವಮ್ಮ ಗೋಡೆಗೊರಗಿ ಅದನ್ನೇ ನೋಡುತ್ತಿದ್ದಳು.

“ನಮ್ಮನ್ನ ದನಕ್ಕಿಂತ ಕಡೆ ಅಂದೋಳು,” ಎಂದಳು ಕೊನೆಗೆ, ತನಗೆ ತಾನೇ. “ಈಗ ನೋಡು...”

ಮುನಿಲಕ್ಷ್ಮಿ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟಳು. ಅವಳು ದ್ಯಾವಮ್ಮನ ಕಾಲ ಬಳಿ ಕುಕ್ಕರಿಸಿದಳು.

“ಅವರು ಹಂಗೆ ಅನ್ನಲಿಲ್ಲ ಅಜ್ಜಿ. ಅಂದೋಳು ನಾನು.”

“ಏನಂದೆ?”

“ಅವರ ಬಾಯಲ್ಲಿ ಆ ಮಾತು ಬರಲೇ ಇಲ್ಲ. ನಿಮ್ಮ ನೀರು ಒಳ್ಳೇದು ಅಂದ್ರು. ಎಲ್ಲರ ಕಾಲಿನ ಕೊಳೇನೂ ಅದಕ್ಕೆ ಸೇರುತ್ತೆ, ನನ್ನದೂ ಸೇರುತ್ತೆ ಅಂದ್ರು. ಅವರ ಅಜ್ಜಿಗೂ ಇಂಥಾ ಬಾವಿ ನೀರಿಂದ ಎರಡು ಮಕ್ಕಳು ಹೋದ್ವಂತೆ. ನಾನು ಅದನ್ನೆಲ್ಲ ನುಂಗ್ಬಿಟ್ಟೆ. ಬೇರೆ ಮಾತು ಕಟ್ಟಿ ಹೇಳ್ದೆ.”

ಬಾಗಿಲಲ್ಲಿ ಡಾಕ್ಟರು ನಿಂತಿದ್ದರು. ಅವರ ಹಿಂದೆ, ಕೈಯೆಲ್ಲ ಬಿಳಿ ಪುಡಿಯಾಗಿ, ರಾಮಾಂಜಿ.

“ಯಾಕವ್ವಾ?” ದ್ಯಾವಮ್ಮನ ದನಿಯಲ್ಲಿ ಸಿಟ್ಟಿಗಿಂತ ಬೆರಗು ಹೆಚ್ಚಿತ್ತು.

“ಹೊಟ್ಟೆಕಿಚ್ಚು, ಅಜ್ಜಿ.”

ಯಾರ ಮೇಲೆ ಎಂದು ದ್ಯಾವಮ್ಮ ಕೇಳಲಿಲ್ಲ. ಸೊಸೆಯ ಕಡೆ ನೋಡಿದಳು.

“ಇವಳು ಉಳೀಲಿ. ಆಮೇಲೆ ನಿನ್ನ ಕ್ಷಮಿಸ್ಬೇಕೋ ಬೇಡ್ವೋ ನೋಡ್ತೀನಿ.”

ಮುನಿಲಕ್ಷ್ಮಿ ಎದ್ದು ಕಿರ್ಸ್ಟನ್ನಿನ ಮುಂದೆ ನಿಂತು ಅದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಿದಳು. ಈ ಸಲ ಒಂದು ಅಕ್ಷರವನ್ನೂ ಬಿಡಲಿಲ್ಲ. ಕಿರ್ಸ್ಟನ್ನಿನ ಮುಖ ಬಿಳಿಚಿತು. ಅವಳು ಬಟ್ಟೆ ಹಿಂಡಿ, ಮತ್ತೆ ಅಮ್ಮಯಮ್ಮನ ತುಟಿ ಒರೆಸತೊಡಗಿದಳು.

ಡಾಕ್ಟರು ಎಚ್ಚರಿಕೆಯ ಪತ್ರ ಬರೆದು ಮುನಿಲಕ್ಷ್ಮಿಯ ಕೈಗೆ ಕೊಟ್ಟರು. ಸಹಿ ಹಾಕಿ ತೆಗೆದುಕೊಂಡಳು.

ಮೂರನೆಯ ದಿನ ಅಮ್ಮಯಮ್ಮ ಎದ್ದು ಕೂತು ಗಂಜಿ ಕುಡಿದಳು. ಹೊಟ್ಟೆಯ ಕೂಸೂ ಉಳಿಯಿತು. ಆ ದಿನವೇ ಕಿರ್ಸ್ಟನ್ ಮಾತಾಡಿದ್ದು.

“ನಿನ್ನ ಮೇಲೆ ನನಗೆ ಇನ್ನೂ ಕೋಪ ಇದೆ. ಬಹುಶಃ ಬಹಳ ದಿನ ಇರುತ್ತದೆ. ಆದರೆ ಭಾನುವಾರ ಮತ್ತೆ ಸಭೆ ಮಾಡಬೇಕು. ನೀನು ಬರುತ್ತೀಯಾ?”

“ನನ್ನ ಮಾತನ್ನ ಇನ್ನು ಯಾರು ನಂಬುತ್ತಾರೆ?”

“ರಾಮಾಂಜಿ ಪಕ್ಕದಲ್ಲೇ ಕೂತಿರುತ್ತಾನೆ. ಈಗ ಅವನಿಗೂ ಇಂಗ್ಲಿಷ್ ಬರುತ್ತದೆ,” ಎಂದು ಕಿರ್ಸ್ಟನ್ ತುಟಿಯಂಚಿನಲ್ಲಿ ನಕ್ಕಳು. “ಅವನನ್ನು ನಾನು ಕಸಿದುಕೊಳ್ಳುತ್ತೇನೆ ಅಂದುಕೊಂಡೆಯಾ? ಪ್ರತಿ ಸಂಜೆ ಅವನು ನಿನ್ನ ವಿಷಯವನ್ನೇ ತಪ್ಪು ತಪ್ಪು ವ್ಯಾಕರಣದಲ್ಲಿ ಹೇಳುತ್ತಿದ್ದ. ಕೇಳಿ ಕೇಳಿ ನನಗೆ ಸಾಕಾಗಿತ್ತು.”

ಆ ಭಾನುವಾರ ದ್ಯಾವಮ್ಮ ಎಲ್ಲವನ್ನೂ ಕೊನೆಯತನಕ ಕೇಳಿದಳು. ಅಜ್ಜಿಯ ಮಕ್ಕಳ ಮಾತು ಬಂದಾಗ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ತಲೆ ಆಡಿಸಿದಳು.

ಡಿಸೆಂಬರಿನ ಹೊತ್ತಿಗೆ ಮೆಟ್ಟಿಲು ಮುಚ್ಚಿ, ಕಟ್ಟೆ ಎದ್ದು, ರಾಟೆ ತಿರುಗಿತು. ಕಲ್ಲು ಹೊರಲು ಮುನಿಲಕ್ಷ್ಮಿಯೂ ಹೋಗುತ್ತಿದ್ದಳು. ಜನವರಿಯಲ್ಲಿ ಮಾಕಳಿದುರ್ಗದ ಸ್ಟೇಷನ್ನಿನಲ್ಲಿ ಕಿರ್ಸ್ಟನ್ ರೈಲು ಹತ್ತಿದಳು. ಹೋಗುವ ಮುಂಚೆ ಮುನಿಲಕ್ಷ್ಮಿಯನ್ನು ಒಂದು ಸಲ ಬಿಗಿಯಾಗಿ ಅಪ್ಪಿಕೊಂಡಳು.

*

ರಾಮಾಂಜಿ ಮಾತ್ರ ಹತ್ತಿರ ಬರಲಿಲ್ಲ. ಕೆಲಸದ ಮಾತು ಆಡುತ್ತಿದ್ದ, ಕೋಪವಿರಲಿಲ್ಲ. ಆದರೆ ಔಷಧಿ ಕೋಣೆಯಲ್ಲಿ ಅಂದ ಮಾತನ್ನು ಮತ್ತೆ ಎತ್ತಲಿಲ್ಲ. ‘ನಾನೇ ಕೆಡಿಸಿಕೊಂಡೆ... ಇನ್ನು ಯಾವ ಬಾಯಲ್ಲಿ ಕೇಳಲಿ?’ ಎಂದು ಅವಳೂ ಸುಮ್ಮನಿದ್ದಳು.

ಮಾರ್ಚಿನಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ನಿನಿಂದ ಕಾಗದ ಬಂತು.

ಅದನ್ನು ಹಿಡಿದುಕೊಂಡು ಅವಳು ಗಿಡ್ಡನಪಾಳ್ಯದ ದಾರಿಯಲ್ಲಿ ಅವನನ್ನು ಹಿಡಿದಳು. ಹೊಂಗೆ ಚಿಗುರಿ ದಾರಿಯುದ್ದಕ್ಕೂ ನೆರಳಾಗಿತ್ತು.

“ಆರು ತಿಂಗಳ ತರಬೇತಿಗೆ ನನ್ನನ್ನ ಕರೆದಿದ್ದಾರೆ. ಆಗಸ್ಟಿಗೆ. ಕಿರ್ಸ್ಟನ್ ನನ್ನ ಹೆಸರು ಬರೆದು ಕೊಟ್ಟಿದ್ದಾಳೆ.”

ಅವನು ಕಾಗದ ಓದಿದ. ತುಟಿ ಅಲ್ಲಾಡಿಸುತ್ತಾ, ನಿಧಾನವಾಗಿ, ಪೂರ್ತಿ.

“‘ತಪ್ಪು ಮಾಡಿ, ಅದನ್ನು ಎಲ್ಲರ ಮುಂದೆ ಒಪ್ಪಿಕೊಂಡವಳು. ಆದ್ದರಿಂದ ಇವಳ ಮಾತನ್ನು ಜನ ನಂಬುತ್ತಾರೆ’ ಅಂತ ಬರೆದಿದಾರೆ,” ಎಂದ.

“ನಾನು ಹೋಗಲ್ಲ.”

“ಯಾಕೆ?”

“ಅದಕ್ಕೆ ನಾನು ಯೋಗ್ಯಳಲ್ಲ.”

“ಹೋಗಿ. ಕಲ್ತು ಬನ್ನಿ. ಈ ತಾಲ್ಲೂಕಲ್ಲಿ ಇನ್ನೂ ಎಷ್ಟು ಮೆಟ್ಲು ಬಾವಿ ಅವೆ.” ಅವನು ಕಾಗದ ಮಡಚಿ ಕೊಟ್ಟ. ಕೈ ಮಾತ್ರ ಕಾಗದವನ್ನು ಬಿಡಲಿಲ್ಲ. “ಒಂದು ಮಾತು. ಅಲ್ಲಿ ಗಂಡು ಹುಡುಗ್ರೂ ತರಬೇತಿಗೆ ಬರ್ತಾರಾ?”

ಅವಳು ತಲೆಯೆತ್ತಿ ನೋಡಿದಳು. ಅವನ ಕಿವಿ ಕೆಂಪಾಗಿತ್ತು.

“ಬರ್ತಾರೆ. ಯಾಕೆ?”

“ಯಾಕೂ ಇಲ್ಲ. ಕಾಗದ ಬಂದೈತೆ ಅಂತ ಬೆಳಗ್ಗೆನೇ ಡಾಕ್ಟ್ರು ಹೇಳಿದ್ರು. ಆವಾಗಿಂದ ಹೊಟ್ಟೆ ಉರೀತಿದೆ. ನಿಮಗೆ ಆಗಿದ್ದು ಇದೇನಾ ಅಂತ ಯೋಚಿಸ್ತಾ ಬಂದೆ. ಇದು ಇಷ್ಟು ಕೆಟ್ಟದು ಅಂತ ನನಗೆ ಗೊತ್ತಿರ್ಲಿಲ್ಲ. ನಿಮ್ಮ ಮೇಲೆ ಅಷ್ಟೊಂದು ಕಠಿಣ ಆಗ್ಬಾರ್ದಿತ್ತು.”

“ನೀವು ಮಾಡಿದ್ದು ಸರಿ. ನೀವು ಹಾಗೆ ಹೇಳದೆ ಇದ್ದಿದ್ರೆ ನಾನು ಇವತ್ತಿಗೂ ಬಾಯಿ ಬಿಡ್ತಿರ್ಲಿಲ್ಲ.”

ಇಬ್ಬರೂ ಕಾಗದದ ಎರಡು ತುದಿ ಹಿಡಿದು ನಿಂತೇ ಇದ್ದರು. ಮೇಲೆ ಹೊಂಗೆಯೆಲೆ ಗಾಳಿಗೆ ಸರಸರ ಅಂದಿತು.

“ಲಕ್ಷ್ಮಮ್ಮೋರೆ... ನಮ್ಮಪ್ಪನ್ನ ನಿಮ್ಮನೇಗೆ ಕಳಿಸ್ಬೇಕು ಅಂತಿದೀನಿ. ನೀವು ಹೋಗೋಕ್ ಮುಂಚೆ ಕಳಿಸ್ಲಾ, ಬಂದ್ಮೇಲೆ ಕಳಿಸ್ಲಾ?”

ಅವಳ ಕಣ್ಣು ತುಂಬಿ ಬಂತು. ದನಿ ಮಾತ್ರ ಸ್ಥಿರವಾಗಿತ್ತು.

“ಯಾವಾಗ ಕಳಿಸಿದ್ರೆ ನಿಮ್ಮ ಉರಿ ಆರುತ್ತೆ?”

“ಈಗ್ಲೇ ಕಳಿಸಿದ್ರೆ.”

“ಹಾಗಾದ್ರೆ ಬರೋ ಸೋಮವಾರ ಕಳಿಸಿ. ದಿನ ಚೆನ್ನಾಗಿದೆಯಂತೆ. ನಮ್ಮತ್ತೆ ಪಂಚಾಂಗ ಕೇಳಿಸಿದ್ರು.”

“ನಾನು ಕೇಳಿದ್ದು ಈಗ. ಪಂಚಾಂಗ ಯಾವಾಗ ಕೇಳಿಸಿದ್ರು?”

ಮುನಿಲಕ್ಷ್ಮಿ ಕಾಗದವನ್ನು ಅವನ ಕೈಯಲ್ಲೇ ಬಿಟ್ಟಳು.

“ಹೋದ ತಿಂಗಳು,” ಎಂದಳು.